ಇಳಿಜಾರಿಗೆ ಕಾಲಂ ಇರಲಿಲ್ಲ

ನನ್ನ ಗಂಡನಿಗೆ ಅವರ ಅಣ್ಣನ ಮಾತು ಕೇಳಿಸದೆ ಹನ್ನೊಂದು ವರ್ಷವಾಯಿತು. ಕೇಳಿಸದಂತೆ ಮಾಡಿದವಳು ನಾನು. ಜಗಳ ತಂದಿಟ್ಟಿಲ್ಲ, ಮದ್ದು ಹಾಕಿಲ್ಲ, ಬಾಗಿಲ ಸಂದಿಯಲ್ಲಿ ನಿಂತು ಚಾಡಿ ಹೇಳಿಲ್ಲ. ಒಂದು ಪೆನ್ಸಿಲು, ಒಂದು ಗೆರೆ ಪುಸ್ತಕ, ಇಷ್ಟರಲ್ಲೇ ಕೆಲಸ ಮುಗಿಸಿದೆ. ಅವತ್ತು ಊರಿನವರು ನನ್ನನ್ನು ಹೊಗಳಿದರು ಕೂಡ.

ನಮ್ಮೂರಿನಲ್ಲಿ ಹಾಕಿಯನ್ನು ಜೋಡಿಯಾಗಿ ಆಡುತ್ತಾರೆ. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟರೆ ಉಳಿದ ಹತ್ತು ಜನ ಐದು ಜೋಡಿ. ಕ್ಲಬ್ಬಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಇಬ್ಬರ ಹೆಸರನ್ನು ಅಕ್ಕಪಕ್ಕ ಬರೆದು ಕೆಳಗೆ ಒಂದೇ ಗೆರೆ ಎಳೆದರೆ, ಆ ಗಳಿಗೆಯಿಂದ ಅವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಎಲ್ಲಿದ್ದರೂ ಕೇಳುತ್ತದೆ. ಮೈದಾನದಲ್ಲಿ ಎಷ್ಟೇ ಗಲಾಟೆ ಇರಲಿ, ಇವನು ಮೆಲ್ಲಗೆ ‘ಎಡಕ್ಕೆ’ ಅಂದರೆ ಅವನು ಎಡಕ್ಕೆ ಓಡುತ್ತಾನೆ. ಆಟ ಮುಗಿದು ಮನೆಗೆ ಹೋದ ಮೇಲೂ ಅಷ್ಟೇ. ಊರಿನ ಈ ತುದಿಯಲ್ಲಿ ಒಬ್ಬ ಕೆಮ್ಮುತ್ತಾ ‘ಮೈ ಬಿಸಿ ಆಗಿದೆ ಕಣೋ’ ಅಂದರೆ ಆ ತುದಿಯಲ್ಲಿರುವ ಜೋಡಿ ಮಾತ್ರೆ ಹಿಡಿದು ಬರುತ್ತಾನೆ. ವಯಸ್ಸಾಗಿ ಆಟ ನಿಲ್ಲಿಸಿದವರ ಹೆಸರನ್ನು ಹಲಗೆಯ ಕೆಳಗಡೆ ಸಣ್ಣದಾಗಿ ಬರೆದಿಡುತ್ತಾರೆ. ಅವರಿಗೆ ಸಾಯುವ ತನಕ ಪರಸ್ಪರ ಕೇಳುತ್ತದೆ.

ಆದರೆ ಚೆನ್ನಾಗಿ ಆಡಲಿಲ್ಲ ಎಂದು ಹೆಸರು ಒರೆಸಿದರೆ ಕತೆ ಮುಗಿಯಿತು. ಆಮೇಲೆ ಎದುರಿಗೆ ಕೂತು ಕೂಗಿದರೂ ಅವನ ಮಾತು ಇವನಿಗೆ ಕೇಳುವುದಿಲ್ಲ, ಇವನದ್ದು ಅವನಿಗಿಲ್ಲ. ಬೇರೆಯವರಿಗೆಲ್ಲ ಇಬ್ಬರ ಮಾತೂ ಕೇಳುತ್ತದೆ. ಹೆಸರನ್ನು ಮತ್ತೆ ಬರೆದು ನೋಡಿದವರಿದ್ದಾರೆ, ಪ್ರಯೋಜನವಾಗಿಲ್ಲ. ಆದ್ದರಿಂದ ನಮ್ಮೂರಿನಲ್ಲಿ ಬಹಳ ಮನೆಗಳ ಬಾಗಿಲಿಗೆ ಸ್ಲೇಟು ನೇತುಬಿದ್ದಿರುತ್ತದೆ. ಓದು ಬಾರದವರಿಗೆ, ಸ್ಲೇಟು ಹಿಡಿಯಲು ನಾಚಿಕೆಪಡುವವರಿಗೆ ನಡುವಿನವರು ಇರುತ್ತಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ ದಾಟಿಸುವುದು ಅವರ ಕೆಲಸ. ಬೇಸಿಗೆಯಲ್ಲಿ ಗಂಡ ಹೆಂಡತಿ ಜೋಡಿಗಳ ಆಟವೂ ಒಂದು ನಡೆಯುತ್ತದೆ. ಬೇಕಂತಲೇ ಚೆಂಡು ಬಿಟ್ಟು ಹೆಸರು ಒರೆಸಿಕೊಂಡು ನೆಮ್ಮದಿಯಾಗಿರುವ ಹೆಂಗಸರ ಹೆಸರುಗಳನ್ನು ನಾವು ನಲ್ಲಿಯ ಹತ್ತಿರ ಹೇಳಿಕೊಂಡು ನಗುತ್ತೇವೆ.

ನಡುವಿನವರಿಗೆ ಇರುವುದು ಒಂದೇ ಕಟ್ಟಳೆ. ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಬೇಕು. ಬೈದರೆ ಬೈಗುಳವನ್ನೇ ಹೇಳಬೇಕು. ಉಪ್ಪು ಖಾರ ಹಚ್ಚುವಂತಿಲ್ಲ, ಇದ್ದ ಖಾರ ತೆಗೆಯುವಂತೆಯೂ ಇಲ್ಲ. ಮಾತು ತಿರುಚಿದ ನಡುವಿನವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಮೈದಾನ ಸಮತಟ್ಟಾಗಿದೆ. ಹಾಗಂತ ಊರಿನ ಪ್ರತಿಯೊಬ್ಬರೂ ಹೇಳುತ್ತಾರೆ. ಒಂದು ತುದಿಯಲ್ಲಿ ಗುಡ್ಡದ ಗೋಲು, ಇನ್ನೊಂದು ತುದಿಯಲ್ಲಿ ಕೆರೆ ಗೋಲು. ಗುಡ್ಡದ ಗೋಲಿನ ಹತ್ತಿರ ನಿಂತರೆ ಕೆರೆ ಗೋಲಿನಲ್ಲಿರುವವನ ನೆತ್ತಿ ಕಾಣುತ್ತದೆ. ಮಳೆ ಬಿದ್ದರೆ ನೀರೆಲ್ಲ ಓಡಿಹೋಗಿ ಅಲ್ಲಿ ಮೊಣಕಾಲುದ್ದ ನಿಲ್ಲುತ್ತದೆ. ಆಗಲೂ ನಾವು ‘ಅಲ್ಲಿ ಸ್ವಲ್ಪ ನೀರು ನಿಂತಿದೆ’ ಅನ್ನುತ್ತೇವೆಯೇ ಹೊರತು ಮತ್ತೊಂದು ಮಾತಾಡುವುದಿಲ್ಲ. ನಮ್ಮ ಅಜ್ಜಂದಿರು ಮೂರು ವರ್ಷ ತಲೆಯ ಮೇಲೆ ಮಣ್ಣು ಹೊತ್ತು ಆ ಮೈದಾನ ಮಾಡಿ, ಸಮವಾಯಿತು ಎಂದು ಕಾಯಿ ಒಡೆದಿದ್ದಾರೆ. ಅದು ಓರೆ ಅಂದರೆ ಅಜ್ಜನನ್ನು ಬೈದ ಹಾಗೆ. ಮೊದಲರ್ಧ ಗುಡ್ಡದ ಗೋಲನ್ನು ಕಾಯುವುದು, ಎರಡನೇ ಅರ್ಧ ಕೆರೆ ಗೋಲನ್ನು ಕಾಯುವುದು ನಮ್ಮ ತಂಡದ ಪದ್ಧತಿ. ಬೇರೆ ಊರಿನವರು ನಮ್ಮಲ್ಲಿಗೆ ಬಂದು ಆಡುತ್ತಾರೆ. ಹಿಂದೆ ನಮ್ಮವರೂ ಹೊರಗೆ ಹೋಗುತ್ತಿದ್ದರಂತೆ. ಹೋದಾಗಲೆಲ್ಲ ಸೋತು ಬಂದದ್ದರಿಂದ ಅಲ್ಲಿಯ ನೀರು ಒಗ್ಗುವುದಿಲ್ಲ ಎಂದು ತೀರ್ಮಾನಿಸಿ ಹೋಗುವುದನ್ನೇ ಬಿಟ್ಟರು.

ನನ್ನ ಗಂಡ ಓಬಳೇಶ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರಿಗಿಂತ ಒಂಬತ್ತು ವರ್ಷ ದೊಡ್ಡವರು ನಮ್ಮ ಭಾವ, ತಿಪ್ಪೇಶ. ತಂದೆ ತಾಯಿ ಬೇಗ ಹೋದರು. ತಮ್ಮನನ್ನು ಸಾಕುವುದರಲ್ಲಿ ಮದುವೆಯ ವಯಸ್ಸು ದಾಟಿತು, ಭಾವ ಹಾಗೇ ಉಳಿದರು. ಅವರು ಬಡಗಿ. ಹಾಕಿ ಸ್ಟಿಕ್ಕು ಮಾಡುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಹಿಪ್ಪುನೇರಳೆ ಮರದ ಪಟ್ಟಿಯನ್ನು ಹಬೆಯಲ್ಲಿಟ್ಟು, ಹದ ನೋಡಿ ಬಾಗಿಸಿ, ಕಟ್ಟಿ ಒಣಗಿಸುತ್ತಿದ್ದರು. ಓದು ಎರಡನೇ ಇಯತ್ತೆ. ಅವರು ಅಕ್ಷರ ಕೂಡಿಸಿ ಒಂದು ಸಾಲು ಓದುವುದರೊಳಗೆ ತಟ್ಟೆಯಲ್ಲಿನ ಅನ್ನ ಆರಿರುತ್ತದೆ.

ಅಣ್ಣ ತಮ್ಮ ಇಬ್ಬರೂ ಬ್ಯಾಕ್. ಗೋಲಿನ ಮುಂದೆ ಕೊನೆಯ ಕಾವಲು ಅವರದು. ಹದಿನೈದು ವರ್ಷ ಅವರ ಹೆಸರು ಹಲಗೆಯ ಮೇಲೆ ಒಂದೇ ಗೆರೆಯ ಮೇಲಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಗಂಡ ಊಟ ಮಾಡುತ್ತಾ ಇದ್ದಕ್ಕಿದ್ದಂತೆ ‘ಹೂಂ, ತಿಂದೆ’ ಅನ್ನುತ್ತಿದ್ದರು. ಮೊದಮೊದಲು ಹೆದರಿದ್ದೆ. ಆಮೇಲೆ ಗೊತ್ತಾಯಿತು, ಭಾವ ಕೆಲಸದ ಕೊಟ್ಟಿಗೆಯಿಂದ ‘ಊಟ ಆಯ್ತೇನೋ’ ಎಂದು ಕೇಳುತ್ತಿದ್ದರು. ದಿನವೂ ಕೇಳುತ್ತಿದ್ದರು. ಕಾರ್ಖಾನೆಯ ಒಲೆಯ ಮುಂದೆ ನಿಂತಿರುವ ತಮ್ಮನಿಗೆ ಎರಡು ಮೈಲಿ ದೂರದಿಂದ ‘ಬಿಸಿಲು ಜಾಸ್ತಿ ಐತೆ, ಟೋಪಿ ಹಾಕ್ಕೊ’ ಎಂದು ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಲೆಕ್ಕದಲ್ಲಿ ಜಾಣೆ. ಆ ಜಾಣತನ ಎಲ್ಲಿಗೂ ಸಲ್ಲದೆ ಕೊಳೆಯುತ್ತಿತ್ತು. ಆಗ ಕ್ಲಬ್ಬಿನಲ್ಲಿ ಜೋಡಿ ಇಡುವುದೂ ಮುರಿಯುವುದೂ ಕಾರ್ಯದರ್ಶಿ ಸೂರಪ್ಪನವರ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಅವರಿಗೆ ನಮಸ್ಕಾರ ಹಾಕದವನ ಆಟ ಕೆಡುತ್ತಿತ್ತು, ಮಗಳ ಮದುವೆಗೆ ಪಾತ್ರೆ ತೊಳೆದವನ ಆಟ ಸುಧಾರಿಸುತ್ತಿತ್ತು. ಒಮ್ಮೆ ಒಳ್ಳೆಯ ಮುಂಚೂಣಿ ಜೋಡಿಯೊಂದನ್ನು ಒರೆಸಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಆ ವರ್ಷವೆಲ್ಲ ಮೈದಾನದ ಪಕ್ಕ ಚಾಪೆ ಹಾಕಿ ಕೂತು ಸುಮ್ಮನೆ ಗೀಟು ಹಾಕಿದ್ದೆ. ಯಾರು ಯಾರ ಜೊತೆ ಎಷ್ಟು ನಿಮಿಷ ಆಡಿದರು, ಆಗ ನಮ್ಮ ಚೆಂಡು ಎದುರಾಳಿಯ ಡಿ ಒಳಗೆ ಎಷ್ಟು ಸಲ ಹೋಯಿತು, ಅವರದ್ದು ನಮ್ಮ ಡಿ ಒಳಗೆ ಎಷ್ಟು ಸಲ ಬಂತು. ಡಿ ಅಂದರೆ ಗೋಲಿನ ಮುಂದಿನ ಅರ್ಧವೃತ್ತ. ಗೋಲು ಅದೃಷ್ಟಕ್ಕೂ ಬೀಳಬಹುದು, ಆದರೆ ಡಿ ಒಳಗೆ ಚೆಂಡು ನುಗ್ಗುವುದು ಅದೃಷ್ಟದಿಂದಲ್ಲ ಎಂಬುದು ನನ್ನ ವಾದ. ಪುಸ್ತಕ ತೆಗೆದುಕೊಂಡು ಹೋಗಿ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಓದಿದೆ. ಸೂರಪ್ಪನವರು ಒರೆಸಬೇಕೆಂದಿದ್ದ ಜೋಡಿ ಇದ್ದಾಗಲೇ ನಮ್ಮ ಚೆಂಡು ಹೆಚ್ಚು ಸಲ ಒಳಗೆ ಹೋಗಿತ್ತು. ಅವರ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. ಆ ಇಬ್ಬರೂ ಆಟಗಾರರು ನನ್ನ ಕಾಲು ಮುಟ್ಟಲು ಬಂದರು.

ಅಲ್ಲಿಂದ ನನ್ನ ಚಾಪೆಯ ಮೇಲೆ ಕ್ಲಬ್ಬಿನವರು ಕೊಡೆ ಹಾಕಿಸಿದರು. ನಾನಿಲ್ಲದೆ ಜೋಡಿ ಇಡುವುದು ನಿಂತಿತು. ಸೂರಪ್ಪನವರು ನನ್ನನ್ನು ವಾರಿಜಮ್ಮನೋರೆ ಎಂದು ಕರೆಯತೊಡಗಿದರು. ನನಗೆ ಕೋಡು ಬಂತು. ಯಾರಾದರೂ ಬಂದು ನಮ್ಮ ಹುಡುಗನನ್ನು ಸ್ವಲ್ಪ ನೋಡಿಕೊಳ್ಳಿ ಅಂದರೆ ‘ಲೆಕ್ಕಕ್ಕೆ ನೆಂಟಸ್ತಿಕೆ ಇಲ್ಲ’ ಎಂದು ಹೇಳಿ ಕಳಿಸುತ್ತಿದ್ದೆ. ಈ ಮಾತು ಊರಿನಲ್ಲಿ ಓಡಾಡಿತು. ಹೇಳಿ ಹೇಳಿ ನನಗೂ ರುಚಿ ಹತ್ತಿತ್ತು.

ಹನ್ನೊಂದು ವರ್ಷದ ಕೆಳಗೆ ಸತತವಾಗಿ ಮೂರು ಪಂದ್ಯ ಸೋತೆವು. ಮೂರರಲ್ಲೂ ಕೊನೆಗೆ ಗೋಲು ತಿಂದೆವು. ಕ್ಲಬ್ಬಿನಲ್ಲಿ ಎಲ್ಲರೂ ಸೇರಿದರು. ಸೂರಪ್ಪನವರು ಮೆತ್ತಗೆ, ‘ಬ್ಯಾಕ್ ಜೋಡಿ ಬಗ್ಗೆ ನಿಮ್ಮ ಪುಸ್ತಕ ಏನನ್ನುತ್ತೆ ವಾರಿಜಮ್ಮನೋರೆ’ ಎಂದು ಕೇಳಿದರು. ಹಳೆಯ ಸೇಡು ಆ ದನಿಯಲ್ಲಿತ್ತು. ನಾನು ಲೆಕ್ಕ ಮಾಡಿ ಮುಗಿಸಿ ಎರಡು ವಾರವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬ್ಯಾಕ್ ಜೋಡಿಗೆ ಮನ್ಸೂರ್ ಎಂಬ ಬದಲಿ ಆಟಗಾರನಿದ್ದ. ಅಣ್ಣ ದಣಿದರೆ ತಮ್ಮನ ಜೊತೆ ಮನ್ಸೂರ್, ತಮ್ಮ ದಣಿದರೆ ಅಣ್ಣನ ಜೊತೆ ಮನ್ಸೂರ್. ಇದಕ್ಕಿಂತ ನ್ಯಾಯವಾದ ತಕ್ಕಡಿ ಎಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ಅಣ್ಣ ತಮ್ಮ ಜೊತೆಯಲ್ಲಿದ್ದಾಗ ಹತ್ತು ನಿಮಿಷಕ್ಕೆ ನಾಲ್ಕು ಸಲ ಚೆಂಡು ನಮ್ಮ ಡಿ ಒಳಗೆ ಬರುತ್ತಿತ್ತು. ಓಬಳೇಶ ಮತ್ತು ಮನ್ಸೂರ್ ಇದ್ದಾಗ ಮೂರಕ್ಕಿಂತ ಕಡಿಮೆ. ತಿಪ್ಪೇಶ ಮತ್ತು ಮನ್ಸೂರ್ ಇದ್ದಾಗ ಐದೂವರೆ. ಐದು ವರ್ಷದ ಪುಸ್ತಕ ಅದು, ಒಂದು ದಿನದ್ದಲ್ಲ.

ನನ್ನ ಗಂಡ ನೆಲ ನೋಡುತ್ತಾ ಕೂತಿದ್ದರು. ನಾನು ತಡವರಿಸಿದ್ದನ್ನು ನೋಡಿ ಭಾವನೇ ಹೇಳಿದರು, ‘ಬರ್ದಿದ್ದು ಬರ್ದಂಗೆ ಓದು ತಾಯಿ. ನಂಗೋಸ್ಕರ ಬದಲಾಯಿಸ್ಬ್ಯಾಡ.’

ಓದಿದೆ. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಲೆಕ್ಕಕ್ಕೆ ನೆಂಟಸ್ತಿಕೆ ಇಲ್ಲ ಎಂದೂ ಹೇಳಿದೆ. ಜನ ತಲೆದೂಗಿದರು. ಸ್ವಂತ ಭಾವನನ್ನೇ ಬಿಡಲಿಲ್ಲವಲ್ಲ, ಹೆಣ್ಣು ಅಂದರೆ ಹೀಗಿರಬೇಕು ಎಂದು ಯಾರೋ ಹಿಂದಿನಿಂದ ಅಂದರು. ಸೂರಪ್ಪನವರು ಒದ್ದೆ ಬಟ್ಟೆ ತೆಗೆದುಕೊಂಡರು. ಅವರು ಒರೆಸುತ್ತಿರುವಾಗ ಭಾವ ತಮ್ಮನ ಕಡೆ ತಿರುಗಿ, ‘ನಿನ್ನ್ ಸಾಕ್ಸು ತಂತಿ ಮೇಲೆ ಒಣಗಾಕಿವ್ನಿ, ಹೋಗೋವಾಗ ತಗೊ’ ಅಂದರು. ನನ್ನ ಗಂಡ ತಲೆ ಎತ್ತಲಿಲ್ಲ. ಭಾವ ಇನ್ನೊಂದು ಸಲ ಹೇಳಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಗಂಡನ ಭುಜ ಮುಟ್ಟಿ ಹೇಳಿದೆ, ‘ನಿಮ್ಮ ಸಾಕ್ಸನ್ನ ತಂತಿ ಮೇಲೆ ಒಣಗಾಕಿದಾರಂತೆ, ಹೋಗುವಾಗ ತಗೋಬೇಕಂತೆ.’ ನಾನು ದಾಟಿಸಿದ ಮೊದಲ ಮಾತು ಅದು.

ಹಲಗೆಯ ಮೇಲೆ ಓಬಳೇಶನ ಪಕ್ಕ ಮನ್ಸೂರ್ ಹೆಸರು ಬಂತು. ಭಾವ ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅವರು ಸ್ಟಿಕ್ಕು ಮಾಡುವುದನ್ನೂ ಬಿಟ್ಟರು. ಯಾರಾದರೂ ಕೇಳಿಕೊಂಡು ಬಂದರೆ, ‘ಬ್ಯಾಡಪ್ಪ, ಐದ್ ವರ್ಷದಿಂದ ನಾನ್ ಕೆಟ್ಟೋಗಿರೋದು ನಂಗೇ ಗೊತ್ತಾಗ್ಲಿಲ್ಲ, ಇನ್ನು ಕೈ ಕೆಟ್ಟಿದ್ರೆ ಗೊತ್ತಾಗ್ತದಾ’ ಎಂದು ಹೇಳಿ ಕಳಿಸುತ್ತಿದ್ದರು. ಲಟ್ಟಣಿಗೆ, ಕಡಗೋಲು, ಮಣೆ ಮಾಡಿಕೊಂಡು ಕೂತರು. ಲಟ್ಟಣಿಗೆಯನ್ನೂ ಮೂರು ಮೂರು ಸಲ ಕಣ್ಣಿನ ಮಟ್ಟಕ್ಕೆ ಹಿಡಿದು, ಸೊಟ್ಟ ಇದೆಯಾ ನೋಡು ತಾಯಿ ಎಂದು ನನ್ನನ್ನು ಕೇಳುತ್ತಿದ್ದರು. ತನ್ನ ಕಣ್ಣನ್ನು ತಾನೇ ನಂಬದ ಬಡಗಿಯನ್ನು ನೋಡುವುದು ಬಹಳ ಹಿಂಸೆ.

ನನ್ನ ಗಂಡ ಇನ್ನೊಂದು ರೀತಿ ಬದಲಾದರು. ಹೋಟೆಲಿನಲ್ಲಿ ಕೂತು ‘ಇಷ್ಟು ವರ್ಷ ಇಬ್ಬರ ಆಟವನ್ನು ಒಬ್ಬನೇ ಆಡಿದೆ’ ಎಂದು ಹೇಳಿಕೊಂಡರಂತೆ. ಕೇಳಿದವರು ಬಂದು ನನಗೆ ಹೇಳಿದರು. ಮನೆಯಲ್ಲಿ ನಾನು ನಡುವಿನವಳಾದೆ. ಬೆಳಿಗ್ಗೆ ಎದ್ದರೆ ‘ಅಣ್ಣಂಗೆ ಕಾಫಿ ಆಯ್ತಾ ಕೇಳು’, ‘ಆಯ್ತು ಅಂತೇಳು’, ‘ಮಂಡಿ ನೋವು ಹೆಂಗೈತೆ ಕೇಳು’, ‘ಪರವಾಗಿಲ್ಲ ಅಂತೇಳು’. ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ದಾಟಿಸುತ್ತಿದ್ದೆ. ವಾರಿಜಮ್ಮ ಮಾತು ದಾಟಿಸಿದರೆ ಅಣ್ಣನೇ ಬಂದು ಹೇಳಿದಂತಿರುತ್ತದೆ ಎಂದು ನನ್ನ ಗಂಡ ಜನರ ಮುಂದೆ ಮೆಚ್ಚಿಕೊಳ್ಳುತ್ತಿದ್ದರು. ಕ್ರಮೇಣ ಮಾತು ಕಡಿಮೆಯಾಯಿತು. ಮೂರನೆಯವಳ ಬಾಯಲ್ಲಿ ಟೋಪಿ ಹಾಕಿಕೋ ಎಂದು ಹೇಳಿಸುವುದಕ್ಕೆ ಯಾರಿಗಾದರೂ ಸಂಕೋಚವೇ.

ಎರಡು ವರ್ಷದ ಕೆಳಗೆ ಒಂದು ಹೊರಗಿನ ತಂಡ ಬಂತು. ಅವರ ಜೊತೆ ಅವರದ್ದೇ ಲೆಕ್ಕದವಳು ಬಂದಿದ್ದಳು. ಜೋಡಿ, ಹಲಗೆ, ಕಿವಿ, ಇದ್ಯಾವುದೂ ಅವರಲ್ಲಿಲ್ಲ. ಆದರೂ ಗೀಟು ಹಾಕುತ್ತಾರೆ. ನಲವತ್ತರ ಹೆಂಗಸು, ಕನ್ನಡಕ ಮೂಗಿನ ತುದಿಗಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಕೂತು ನನ್ನ ಪುಸ್ತಕವನ್ನು ನೋಡಿ, ‘ಅಚ್ಚುಕಟ್ಟಾಗಿದೆ ರೀ’ ಅಂದಳು. ನಾನು ಬೀಗಿದೆ. ಹಾಳೆ ತಿರುವುತ್ತಾ ಅವಳು ಕೇಳಿದಳು, ‘ಇಳಿಜಾರನ್ನ ಯಾವ ಕಾಲಂನಲ್ಲಿ ಬರೀತೀರಾ?’

‘ಯಾವ ಇಳಿಜಾರು? ನಮ್ಮ ಮೈದಾನ ಸಮತಟ್ಟಾಗಿದೆ’ ಅಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಕೈಯಲ್ಲಿದ್ದ ಪೆನ್ಸಿಲನ್ನು ಬೆಂಚಿನ ಮೇಲೆ ಅಡ್ಡ ಇಟ್ಟಳು. ಅದು ನಿಧಾನವಾಗಿ ಉರುಳಿ, ವೇಗ ಹಿಡಿದು, ಕೆರೆ ಕಡೆಯ ತುದಿಯಿಂದ ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ‘ಇರಬಹುದು ಬಿಡಿ’ ಎಂದು ತನ್ನ ಪುಸ್ತಕ ತೆರೆದಳು. ಅವತ್ತು ಎರಡನೇ ಅರ್ಧದ ಲೆಕ್ಕವನ್ನು ನಾನು ಸರಿಯಾಗಿ ಬರೆಯಲಿಲ್ಲ.

ಮನೆಗೆ ಬಂದು ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ನಿಮಿಷ ಬರೆದಿಟ್ಟಿದ್ದೆನಲ್ಲ, ಯಾವ ಗೀಟು ಮೊದಲರ್ಧದ್ದು, ಯಾವುದು ಎರಡನೇ ಅರ್ಧದ್ದು ಎಂಬುದು ಅದರಲ್ಲೇ ಇತ್ತು. ಬೇರೆ ಬೇರೆ ಮಾಡಿ ಕೂಡಿಸಲು ಎಂಟು ದಿನ ಹಿಡಿಯಿತು. ಮೂರನೇ ದಿನವೇ ನನಗೆ ಉತ್ತರ ಗೊತ್ತಾಗಿತ್ತು. ಉಳಿದ ಐದು ದಿನ ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ.

ಮೊದಲರ್ಧ ನಾವು ಗುಡ್ಡದ ಗೋಲನ್ನು ಕಾಯುವಾಗ ಎದುರಾಳಿಗಳು ಏರು ಹತ್ತಿ ಬರಬೇಕು. ಆಗ ಅಣ್ಣ ಹೋಗಿ ಕೂತು ಸುಧಾರಿಸಿಕೊಳ್ಳುತ್ತಿದ್ದರು, ತಮ್ಮ ಮನ್ಸೂರ್ ಜೊತೆ ಆಡುತ್ತಿದ್ದರು. ಎರಡನೇ ಅರ್ಧ ಕೆರೆ ಗೋಲಿನಲ್ಲಿ ಎದುರಾಳಿಗಳು ಇಳಿಜಾರಿನಲ್ಲಿ ನುಗ್ಗಿ ಬರುತ್ತಾರೆ. ಆಗ ಅಣ್ಣ ‘ಸಾಕು ಹೋಗು, ನೀರು ಕುಡಿ’ ಎಂದು ತಮ್ಮನನ್ನು ಕೂರಿಸಿ ತಾನು ಮನ್ಸೂರ್ ಜೊತೆ ನಿಲ್ಲುತ್ತಿದ್ದರು. ಐದು ವರ್ಷ ಹೀಗೇ ನಡೆದಿತ್ತು. ಸುಲಭದ ನಿಮಿಷಗಳು ತಮ್ಮನ ಹೆಸರಿಗೆ, ಕಷ್ಟದ ನಿಮಿಷಗಳು ಅಣ್ಣನ ಹೆಸರಿಗೆ ಬಿದ್ದಿದ್ದವು. ಭಾವನಿಗೆ ಜ್ವರ ಬಂದಿದ್ದ ಒಂದೆರಡು ಪಂದ್ಯಗಳಲ್ಲಿ ನನ್ನ ಗಂಡ ಕೆರೆ ಗೋಲಿನಲ್ಲಿ ಮನ್ಸೂರ್ ಜೊತೆ ಪೂರ್ತಿ ನಿಂತಿದ್ದರು. ಆಗ ಹತ್ತು ನಿಮಿಷಕ್ಕೆ ಒಂಬತ್ತು ಸಲ ಚೆಂಡು ಒಳಗೆ ಬಂದಿತ್ತು. ಅದೇ ಗೋಲಿನಲ್ಲಿ ಭಾವ ಇದ್ದಾಗ ಆರು. ಗುಡ್ಡದ ಗೋಲಿನಲ್ಲಿ ತಮ್ಮನಿಗೆ ಎರಡು, ಅಣ್ಣನಿಗೆ ಒಂದು. ಯಾವ ಗೋಲಿನಲ್ಲಿ ನೋಡಿದರೂ ಅಣ್ಣನೇ ಮೇಲು. ಎರಡನ್ನೂ ಕಲಸಿ ಕೂಡಿಸಿದರೆ ಮಾತ್ರ ತಮ್ಮ ಮೇಲಾಗುತ್ತಿದ್ದರು. ಕಲಸಿದವಳು ನಾನು.

ಪುಸ್ತಕ ಹಿಡಿದು ಸೂರಪ್ಪನವರ ಮನೆಗೆ ಹೋದೆ. ಅವರಿಗೆ ಆಗಲೇ ಎಪ್ಪತ್ತಾಗಿತ್ತು. ಜಗಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಅವರು ದಡ್ಡರಲ್ಲ, ಹೇಳಿದ್ದು ತಿಳಿಯಿತು. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, ‘ನಮ್ಮ ಮೈದಾನ ಸಮತಟ್ಟಾಗೈತೆ ವಾರಿಜಮ್ಮನೋರೆ.’

‘ಸಾರ್, ಪೆನ್ಸಿಲ್ ಉರುಳುತ್ತೆ.’

‘ಉರುಳ್ಲಿ. ನಿಮ್ಮ ಪುಸ್ತಕ ನೋಡ್ಕೊಂಡು ಎಷ್ಟು ಜೋಡಿ ಒರ್ಸಿದೀವಿ ಲೆಕ್ಕ ಐತಾ?’

ಇತ್ತು. ಮೂವತ್ತೆಂಟು.

‘ಮೂವತ್ತೆಂಟು ಮನೆ. ಇವತ್ತು ನೀವು ಕಾಲಂ ತಪ್ಪಿತ್ತು ಅಂದ್ರೆ ನಾಳೆ ಬೆಳಿಗ್ಗೆ ಅಷ್ಟೂ ಜನ ನಿಮ್ಮ ಬಾಗಿಲಲ್ಲಿರ್ತಾರೆ. ನನ್ನ ಬಾಗಿಲಲ್ಲೂ ಇರ್ತಾರೆ. ಅವರ ಕಿವಿ ವಾಪಸ್ ಬರ್ತದಾ? ಇಲ್ಲ. ಮತ್ಯಾಕೆ?’ ಎಲೆಯನ್ನು ಮಡಿಚಿ ಬಾಯಿಗಿಟ್ಟುಕೊಂಡರು. ‘ನಾನು ಬಾಯ್ಮಾತಲ್ಲಿ ಒರ್ಸ್ತಿದ್ದಾಗ ಜನ ನನ್ನ ಬೈಕೊಂಡಾದ್ರೂ ಸಮಾಧಾನ ಮಾಡ್ಕೊತಿದ್ರು. ನಿಮ್ಮ ಪುಸ್ತಕ ಬಂದ್ಮೇಲೆ ತಮ್ಮನ್ನೇ ಬೈಕೊಂಡ್ರು. ಅದು ಹಂಗೇ ಇರ್ಲಿ ಬಿಡಿ.’

ಅವರು ಬೇಡ ಅಂದದ್ದಕ್ಕೆ ನಾನು ಸುಮ್ಮನಾದೆ ಎಂದು ಹೇಳಿಕೊಳ್ಳಬಹುದು. ನಿಜ ಏನೆಂದರೆ, ಅವರು ಬೇಡ ಎಂದಾಗ ನನಗೆ ಜೀವ ಬಂದಂತಾಯಿತು. ಬರುವ ದಾರಿಯಲ್ಲಿ ಅರ್ಧ ಕಿಲೋ ಜಿಲೇಬಿ ಕೊಂಡು ಬಂದೆ. ಭಾವನಿಗೆ ಜಿಲೇಬಿ ಇಷ್ಟ. ಏನು ವಿಶೇಷ ತಾಯಿ ಎಂದು ಕೇಳಿದರು. ಸುಮ್ಮನೆ ಭಾವ ಅಂದೆ. ಪುಸ್ತಕ ಅಟ್ಟಕ್ಕೆ ಹೋಯಿತು. ಮುಂದಿನ ಪಂದ್ಯದಿಂದ ಯಾರಿಗೂ ಕಾಣದಂತೆ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟು ಗುಡ್ಡವೋ ಕೆರೆಯೋ ಗುರುತು ಮಾಡಿಕೊಳ್ಳತೊಡಗಿದೆ. ಆಮೇಲೆ ಯಾರ ಹೆಸರನ್ನೂ ತಪ್ಪಾಗಿ ಒರೆಸಿಸಿಲ್ಲ. ಹೀಗೆ ಹೇಳಿಕೊಂಡು ಎರಡು ವರ್ಷ ಗಂಟಲಲ್ಲಿ ಅನ್ನ ಇಳಿಸಿದ್ದೇನೆ.

ಹೋದ ತಿಂಗಳು ನನ್ನ ಗಂಡನ ಆಟ ಮುಗಿಯಿತು. ನಲವತ್ತೆಂಟಾಗಿತ್ತು, ಮಂಡಿ ಮಾತು ಕೇಳುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಪಂದ್ಯದ ನಂತರ ಗೌರವದಿಂದ ಅವರ ಹೆಸರನ್ನೂ ಮನ್ಸೂರ್ ಹೆಸರನ್ನೂ ಹಲಗೆಯ ಕೆಳಗಡೆ ಸಣ್ಣದಾಗಿ ಬರೆದರು. ಇನ್ನು ಸಾಯುವ ತನಕ ಮನ್ಸೂರ್ ಆಡಿದ ಮಾತು ಅವರಿಗೆ ಕೇಳುತ್ತದೆ. ಮನ್ಸೂರ್ ಒಳ್ಳೆಯವನೇ. ಆದರೆ ಹನ್ನೊಂದು ವರ್ಷದಲ್ಲಿ ಅವನೊಂದು ದಿನವೂ ಇವರಿಗೆ ಊಟ ಆಯಿತೇ ಎಂದು ಕೇಳಿದವನಲ್ಲ. ಅವನಿಗೆ ಅವನ ಮನೆ ಇದೆ.

ಆಟ ಮುಗಿಸಿದವನಿಗೆ ಮನೆಯ ಹಿರಿಯರು ಹೊಸ ಸ್ಟಿಕ್ಕು ಕೊಡುವುದು ನಮ್ಮಲ್ಲಿ ಪದ್ಧತಿ. ಅದರಿಂದ ಆಡುವುದಿಲ್ಲ, ಗೋಡೆಗೆ ನೇತುಹಾಕುವುದಿಲ್ಲ, ಮಂಚದ ಪಕ್ಕ ಒರಗಿಸಿಡುತ್ತಾರೆ. ಮಧ್ಯಾಹ್ನ ನಾನು ಎಲೆ ಹಾಕುವ ಹೊತ್ತಿಗೆ ಭಾವ ಕೊಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಸ್ಟಿಕ್ಕು ತಂದರು. ಹಿಪ್ಪುನೇರಳೆಯದೇ. ಯಾವಾಗ ಮರ ತಂದರೋ, ಯಾವಾಗ ಬಾಗಿಸಿದರೋ ನನಗೆ ಗೊತ್ತಾಗದಂತೆ ಮಾಡಿದ್ದರು. ಹನ್ನೊಂದು ವರ್ಷದಲ್ಲಿ ಅವರು ಮಾಡಿದ ಒಂದೇ ಸ್ಟಿಕ್ಕು. ನನ್ನ ಗಂಡ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ತುಂಬ ಹೊತ್ತು ಕೆಳಗಿಡಲಿಲ್ಲ.

ಊಟಕ್ಕೆ ಕೂತಾಗ ಭಾವ ನನ್ನನ್ನು ನೋಡಿ ಹೇಳಿದರು, ‘ವಾರಿಜಮ್ಮ, ಅವನ್ನ ಒಂದ್ ಮಾತು ಕೇಳ್ಬೇಕು. ಇಷ್ಟ್ ದಿನ ಕೇಳ್ಲಿಲ್ಲ. ಆಡ್ತಾ ಇರೋನ್ನ ಕೇಳ್ಬಾರ್ದು, ಮನಸ್ಸು ಕೆಡ್ತದೆ. ಇವತ್ತಿಗೆ ಮುಗೀತಲ್ಲ.’

‘ಕೇಳಿ ಭಾವ.’

‘ನಾನು ನಿಜವಾಗ್ಲೂ ಅಷ್ಟ್ ಕೆಟ್ಟದಾಗ್ ಆಡ್ತಿದ್ನಾ ಅಂತ ಕೇಳು. ಪುಸ್ತಕದ್ ಮಾತು ಬ್ಯಾಡ. ಪಕ್ಕದಲ್ಲಿ ನಿಂತಿದ್ದೋನು ಅವನು. ಅವನ ಕಣ್ಣಿಗೆ ಹೆಂಗ್ ಕಂಡಿತ್ತೋ ಹಂಗೇ ಹೇಳ್ಲಿ.’

ನಾನು ಅಷ್ಟನ್ನೂ ದಾಟಿಸಿದೆ, ಒಂದಕ್ಷರ ಬಿಡದೆ. ನನ್ನ ಗಂಡ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟರು. ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅವರ ಕಣ್ಣು ಕೆಂಪಾಗಿತ್ತು.

‘ಇಲ್ಲ ಅಂತೇಳು. ನನಗಿಂತ ಚೆನ್ನಾಗ್ ಆಡ್ತಿದ್ದ ಅಂತೇಳು. ಕೆರೆ ಗೋಲ್ ಕಾಯೋವಾಗೆಲ್ಲ ನನ್ನ ಕೂರ್ಸಿ ತಾನ್ ನಿಂತ್ಕೊತಿದ್ದ. ಇಳಿಜಾರಲ್ಲಿ ನುಗ್ಗಿ ಬರೋರ್ನ ಅವನೇ ತಡೀತಿದ್ದ, ನಾನು ನೆರಳಲ್ಲಿ ನೀರು ಕುಡೀತಿದ್ದೆ. ನೀನು ಪುಸ್ತಕ ಓದ್ತಿದ್ದಂಗೇ ನಂಗೆ ಗೊತ್ತಾಯ್ತು, ಲೆಕ್ಕ ಎಲ್ಲಿ ತಪ್ಪೈತೆ ಅಂತ. ಬಾಯ್ ಬಿಟ್ರೆ ನನ್ನ ಹೆಸ್ರು ಹೋಗ್ತಿತ್ತು. ಸುಮ್ನಿದ್ದೆ. ಹಿಂಗೇ ಹೇಳು ಅವನಿಗೆ. ಒಂದಕ್ಷರ ಬಿಡ್ಬ್ಯಾಡ.’

ಇಳಿಜಾರು ಎಂಬ ಮಾತನ್ನು ನಮ್ಮೂರಿನವರೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇವರಿಗೆ ಗೊತ್ತಿತ್ತು. ನಾನು ಎಂಟು ದಿನ ಕಣ್ಣು ಕೆಡಿಸಿಕೊಂಡು ಹುಡುಕಿದ್ದು ಇವರಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ನನ್ನ ಪಕ್ಕದಲ್ಲಿ ಉಂಡು, ಮಲಗಿ, ಹೋಟೆಲಿನಲ್ಲಿ ಜಂಬ ಕೊಚ್ಚಿದ ಮನುಷ್ಯ ಈಗ ಹಗುರಾಗಲು ಹೊರಟಿದ್ದಾನೆ. ಇವರು ತಪ್ಪೊಪ್ಪಿಕೊಂಡು ಅಣ್ಣನ ಕಾಲು ಹಿಡಿಯುತ್ತಾರೆ, ಅಣ್ಣ ಎತ್ತಿ ತಬ್ಬಿಕೊಳ್ಳುತ್ತಾರೆ. ಆಮೇಲೆ ಭಾವ ನಿಧಾನವಾಗಿ ನನ್ನ ಕಡೆ ತಿರುಗಿ, ‘ಹಂಗಾದ್ರೆ ನಿನ್ನ ಪುಸ್ತಕ ಏನ್ ತಾಯಿ?’ ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳುವ ಮುಖವನ್ನು ನಾನು ಎರಡು ವರ್ಷದಿಂದ ದಿನಾ ನೆನೆಸಿಕೊಂಡು ಹೆದರಿದ್ದೆ.

ಭಾವ ಕಾಯುತ್ತಿದ್ದರು. ಎಡಗೈಯನ್ನು ಮಂಡಿಯ ಮೇಲಿಟ್ಟುಕೊಂಡು, ನನ್ನ ಬಾಯನ್ನೇ ನೋಡುತ್ತಿದ್ದರು.

‘ಅಷ್ಟೇನೂ ಕೆಟ್ಟದಾಗಿ ಆಡ್ತಿರಲಿಲ್ಲವಂತೆ ಭಾವ. ವಯಸ್ಸಾಗಿತ್ತು, ಕಾಲು ಸ್ವಲ್ಪ ನಿಧಾನವಾಗಿತ್ತು, ಅಷ್ಟೇ ಅಂತಾರೆ.’

ನನ್ನ ಮಾತು ನನ್ನ ಗಂಡನಿಗೆ ಕೇಳುತ್ತದಲ್ಲ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಇಲ್ಲ ಅನ್ನಬಹುದಿತ್ತು. ಎದ್ದು ಹೋಗಿ ಪಕ್ಕದ ಮನೆಯವರನ್ನು ಕರೆತರಬಹುದಿತ್ತು. ಅಣ್ಣನ ಕೈ ಹಿಡಿದು ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ನಾನು ಅವರನ್ನೇ ನೋಡುತ್ತಾ ಕೂತೆ. ಅವರು ಕಣ್ಣು ಕೆಳಗೆ ಹಾಕಿ, ಎಲೆಯಲ್ಲಿ ಬಿಟ್ಟಿದ್ದ ತುತ್ತನ್ನು ಎತ್ತಿ ಬಾಯಿಗಿಟ್ಟುಕೊಂಡರು.

‘ಅಷ್ಟುದ್ದ ಮಾತಾಡ್ದ, ಇಷ್ಟೇನಾ?’ ಭಾವ ಕೇಳಿದರು.

‘ಇಷ್ಟೇ ಭಾವ. ಅವರದ್ದು ಸುತ್ತು ಜಾಸ್ತಿ.’

ಭಾವ ನಕ್ಕರು. ಚಿಕ್ಕಂದಿನಿಂದ ಹಂಗೇ ಅವನು ಅಂದರು. ಸ್ವಲ್ಪ ಹೊತ್ತು ಸಾರಿನಲ್ಲಿ ಬೆರಳಾಡಿಸುತ್ತಾ ಕೂತರು. ಆಮೇಲೆ ಹೇಳಿದರು, ‘ಹಂಗಾದ್ರೆ ಪುಸ್ತಕ ಸರಿಯಾಗೇ ಇತ್ತು. ತಾಯಿ, ನಿಂಗೊಂದ್ ಮಾತು ಹೇಳ್ಬೇಕು. ಇಷ್ಟ್ ವರ್ಷ ನಿನ್ನ ಕೈ ಅನ್ನ ತಿಂದ್ಕೊಂಡು, ಮನಸ್ಸಲ್ಲಿ ನಿನ್ನ ಮೇಲೆ ಒಂದ್ ಸಣ್ಣ ಅನುಮಾನ ಇಟ್ಕೊಂಡಿದ್ದೆ. ಎಲ್ಲೋ ಲೆಕ್ಕ ತಪ್ಪಿರ್ಬೇಕು ಅಂತ. ತಪ್ಪು ಮಾಡ್ದೆ. ಮನಸ್ಸಿಗೆ ಹಚ್ಕೊಬ್ಯಾಡ.’

ಅಣ್ಣನ ತುಟಿ ಅಲ್ಲಾಡಿದ್ದನ್ನು ನನ್ನ ಗಂಡ ನೋಡಿದ್ದರು. ಅಗಿಯುವುದನ್ನು ನಿಲ್ಲಿಸಿ, ‘ಅಣ್ಣ ಏನಂದ?’ ಎಂದು ನನ್ನನ್ನು ಕೇಳಿದರು.

ಈ ಸಲ ನಾನು ಒಂದಕ್ಷರವನ್ನೂ ಬದಲಿಸಲಿಲ್ಲ. ‘ಪುಸ್ತಕ ಸರಿಯಾಗೇ ಇತ್ತಂತೆ. ಇಷ್ಟು ವರ್ಷ ನನ್ನ ಕೈ ಅನ್ನ ತಿಂದುಕೊಂಡು, ಎಲ್ಲೋ ಲೆಕ್ಕ ತಪ್ಪಿರಬೇಕು ಅಂತ ನನ್ನ ಮೇಲೆ ಒಂದು ಸಣ್ಣ ಅನುಮಾನ ಇಟ್ಟುಕೊಂಡಿದ್ದರಂತೆ. ತಪ್ಪು ಮಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತಿದಾರೆ.’

ನನ್ನ ಗಂಡ ಪಕ್ಕದಲ್ಲಿ ಒರಗಿಸಿಟ್ಟಿದ್ದ ಸ್ಟಿಕ್ಕನ್ನು ನೋಡಿದರು. ಆಮೇಲೆ ಎಲೆಯನ್ನು ನೋಡಿದರು.

‘ಅನ್ನ ಹಾಕು’ ಅಂದರು.

‘ಏನಂತಾನೆ ಅವನು?’ ಭಾವ ಆಸೆಯಿಂದ ನನ್ನ ಕಡೆ ಬಗ್ಗಿದರು.

‘ಅನ್ನ ಹಾಕು ಅಂತಾರೆ, ಭಾವ’ ಎಂದು ಹೇಳಿ ನಾನು ಅನ್ನದ ಪಾತ್ರೆ ತರಲು ಎದ್ದೆ.